ಡಾರ್ಕ್ ಚಾಕೊಲೇಟ್ ತಿಂದರೆ ರಕ್ತದೊತ್ತಡದ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 58 ವರ್ಷ. ನಾಲ್ಕು ವರ್ಷಗಳಿಂದ ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಮತ್ತು ಕೊಲೆಸ್ಟರಾಲ್‌ಗೆ ಒಂದು ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೋಕೋ ಹೃದಯಕ್ಕೆ ಒಳ್ಳೆಯದೆಂದು ಓದಿದ ಮೇಲೆ, ಎರಡು ತಿಂಗಳಿಂದ ಪ್ರತಿ ರಾತ್ರಿ ಊಟವಾದ ನಂತರ ಶೇ. 70ರ ಡಾರ್ಕ್ ಚಾಕೊಲೇಟನ್ನು ಸುಮಾರು 40 ಗ್ರಾಂನಷ್ಟು ತಿನ್ನುತ್ತಿದ್ದೇನೆ. ಈಗ ರಕ್ತದೊತ್ತಡ 130/80ರ ಆಸುಪಾಸಿನಲ್ಲಿದೆ. ಮಾತ್ರೆ ನಿಲ್ಲಿಸಿ ಚಾಕೊಲೇಟ್ ಮುಂದುವರಿಸಬಹುದೇ? ಶೇ. 85 ಅಥವಾ 90ರದ್ದು ಇನ್ನೂ ಒಳ್ಳೆಯದೇ? ಅದರ ಬದಲು ಹಾಲಿಗೆ ಕೋಕೋ ಪುಡಿ ಬೆರೆಸಿ ಕುಡಿದರೆ ಸಾಕೇ? ಈಚೆಗೆ ಕೆಲವು ರಾತ್ರಿ ಮಲಗಿದ ಮೇಲೆ ಎದೆಯಲ್ಲಿ ಸ್ವಲ್ಪ ಉರಿ ಕಾಣಿಸುತ್ತದೆ, ಅದು ಗ್ಯಾಸ್ ಇರಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ನೀವು ಪ್ರಶ್ನೆಯೆಂದು ಕೇಳದ ಕೊನೆಯ ವಾಕ್ಯವೇ ನನ್ನ ಗಮನವನ್ನು ಮೊದಲು ಸೆಳೆಯಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಇಷ್ಟು ಉದ್ದದ ಉತ್ತರವನ್ನು ಓದುವ ಪುರುಸೊತ್ತಿಲ್ಲದಿದ್ದರೆ, ಆ ಕೊನೆಯ ಭಾಗವನ್ನಾದರೂ ದಯವಿಟ್ಟು ಬಿಡದೆ ಓದಿ.

ಈಗ ಮಾತ್ರೆಯ ವಿಷಯ. ಅದನ್ನು ನಿಲ್ಲಿಸಬೇಡಿ. ನಿಮ್ಮ ರಕ್ತದೊತ್ತಡ 130/80ಕ್ಕೆ ಬಂದು ನಿಂತಿರುವುದು ಚಾಕೊಲೇಟಿನಿಂದಲ್ಲ, ಬಹುಮಟ್ಟಿಗೆ ಆ ಮಾತ್ರೆಯಿಂದಲೇ. ರಕ್ತದೊತ್ತಡದ ಯಾವುದೇ ಒಂದು ಔಷಧಿಯನ್ನು ರೂಢಿಯ ಪ್ರಮಾಣದಲ್ಲಿ ತೆಗೆದುಕೊಂಡರೆ ಮೇಲಿನ ಅಂಕಿ ಸರಾಸರಿ 9 ಮಿಲಿಮೀಟರಿನಷ್ಟು ಇಳಿಯುತ್ತದೆ. ಕೋಕೋ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, 35 ಪ್ರಯೋಗಗಳ ಸುಮಾರು 1,800 ಜನರಲ್ಲಿ ಕಂಡ ಇಳಿಕೆಯ ಸರಾಸರಿ 2 ಮಿಲಿಮೀಟರಿಗಿಂತ ತುಸು ಕಡಿಮೆ. ಮೊದಲೇ ರಕ್ತದೊತ್ತಡ ಹೆಚ್ಚಿದ್ದವರಲ್ಲಿ ಮೇಲಿನ ಅಂಕಿ ಸುಮಾರು 4ರಷ್ಟು ಇಳಿದಿತ್ತು ಎನ್ನುವುದನ್ನೂ ಹೇಳಬೇಕು, ಅದು ಅಲಕ್ಷಿಸುವಂಥದ್ದಲ್ಲ. ಆದರೆ ಆ ಪ್ರಯೋಗಗಳಲ್ಲಿ ಅತ್ಯಂತ ದೀರ್ಘವಾದದ್ದೂ 18 ವಾರಗಳಷ್ಟೇ ನಡೆದದ್ದು, ಮತ್ತು ಅವುಗಳಲ್ಲಿ ಹಲವದರಲ್ಲಿ ಕೊಟ್ಟ ಕೋಕೋ ಅಂಗಡಿಯಲ್ಲಿ ಸಿಗುವ ಚಾಕೊಲೇಟಿಗೆ ಸಮನಾದುದಾಗಿರಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮ್ಲೋಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧಿ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆಗಳು ಬೇಕು. ಆದ್ದರಿಂದ ಮಾತ್ರೆ ಬಿಟ್ಟವರಿಗೆ ಮೊದಲ ಕೆಲವು ದಿನ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ, 'ನೋಡಿ, ಮಾತ್ರೆ ಇಲ್ಲದೆಯೇ ಸರಿಯಿದೆ' ಎಂಬ ಭ್ರಮೆ ಹುಟ್ಟುತ್ತದೆ, ಆಮೇಲೆ ಸದ್ದಿಲ್ಲದೆ ಒತ್ತಡ ಹಳೆಯ ಮಟ್ಟಕ್ಕೆ ಏರುತ್ತದೆ. ಅಷ್ಟರಲ್ಲಿ ಅಳೆಯುವ ಅಭ್ಯಾಸವೂ ತಪ್ಪಿರುತ್ತದೆ.

ಹಾಗಾದರೆ ಕೋಕೋ ಹೃದಯಕ್ಕೆ ಒಳ್ಳೆಯದೆಂಬ ಮಾತು ಬರಿಯ ಗಾಳಿಮಾತೇ ಎಂದರೆ, ಅಲ್ಲ. ಅದರ ಹಿಂದೆ ಗಂಭೀರವಾದ ವಿಜ್ಞಾನವಿದೆ. ಪನಾಮಾ ದೇಶದ ಕರಾವಳಿಗೆ ಸೇರಿದ ಸಾನ್ ಬ್ಲಾಸ್ ದ್ವೀಪಗಳಲ್ಲಿ ವಾಸಿಸುವ ಕುನಾ ಬುಡಕಟ್ಟಿನ ಜನರಿಗೆ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲವೆಂಬುದನ್ನು ವೈದ್ಯರು 1940ರ ದಶಕದಲ್ಲೇ ಗಮನಿಸಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ನಾರ್ಮನ್ ಹಾಲೆನ್‌ಬರ್ಗ್ 1990ರ ದಶಕದಲ್ಲಿ ಇದರ ಬೆನ್ನುಹತ್ತಿದರು. ಅವರು ಮೊದಲು ಹುಡುಕಿದ್ದು ವಂಶವಾಹಿಗಳಲ್ಲಿ ಅಡಗಿರಬಹುದಾದ ರಕ್ಷಣೆಯನ್ನು. ಆದರೆ ದ್ವೀಪ ಬಿಟ್ಟು ಪನಾಮಾ ನಗರಕ್ಕೆ ವಲಸೆ ಬಂದ ಕುನಾ ಜನರಲ್ಲಿ ವಯಸ್ಸಿನೊಂದಿಗೆ ರಕ್ತದೊತ್ತಡವೂ ಎಲ್ಲರಂತೆ ಏರಿತು, ಹೀಗಾಗಿ ಗುಟ್ಟು ರಕ್ತದಲ್ಲಿಲ್ಲ, ಬದುಕುವ ರೀತಿಯಲ್ಲಿದೆ ಎಂದಾಯಿತು. ದ್ವೀಪದವರು ಉಪ್ಪನ್ನೇನೂ ಕಡಿಮೆ ತಿನ್ನುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಒಂದು ದೊಡ್ಡ ವ್ಯತ್ಯಾಸವೆಂದರೆ, ಅವರು ಹೆಚ್ಚು ಸಂಸ್ಕರಿಸದ ಕೋಕೋದಿಂದ ತಯಾರಿಸಿದ ಪಾನೀಯವನ್ನು ದಿನಕ್ಕೆ ಹಲವು ಬಾರಿ ಕುಡಿಯುತ್ತಿದ್ದರು. ಮೀನು, ಹಣ್ಣು, ದೈಹಿಕ ಶ್ರಮ, ನಗರದ ತರಾತುರಿ ಇಲ್ಲದಿರುವುದು ಇವೆಲ್ಲವೂ ಅಲ್ಲಿ ಇದ್ದುದರಿಂದ ಕೋಕೋ ಒಂದಕ್ಕೇ ಕಿರೀಟ ತೊಡಿಸುವಂತಿಲ್ಲ, ಆದರೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಯೋಗ್ಯವಾದ ಸುಳಿವೊಂದು ಸಿಕ್ಕಿತು.

ಆ ಪರೀಕ್ಷೆಗಳಿಂದ ಹೊರಬಂದ ಹೆಸರು ಫ್ಲಾವನಾಲ್. ಕೋಕೋ ಬೀಜದ ಕಹಿಗೂ ಒಗರಿಗೂ ಬಹುಪಾಲು ಕಾರಣವಾದ ರಾಸಾಯನಿಕಗಳ ಗುಂಪಿದು. ಅದರಲ್ಲಿ ಎಪಿಕ್ಯಾಟೆಚಿನ್ ಎಂಬುದು ಮುಖ್ಯ. ನಮ್ಮ ರಕ್ತನಾಳಗಳ ಒಳಗೋಡೆಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಕ್ಷಣಕ್ಕೂ ಉತ್ಪಾದಿಸಿ ಪಕ್ಕದ ಸ್ನಾಯುವಿಗೆ 'ಸಡಿಲಗೊಳ್ಳು' ಎಂಬ ಸಂದೇಶವನ್ನು ಕಳಿಸುತ್ತದೆ, ಆಗ ನಾಳ ಹಿಗ್ಗಿ ರಕ್ತ ಸರಾಗವಾಗಿ ಹರಿಯುತ್ತದೆ. ಇದನ್ನು ಕಂಡುಹಿಡಿದುದಕ್ಕಾಗಿಯೇ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು. ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವೆಲ್ಲ ಆ ಪದರವನ್ನು ದಣಿಸುತ್ತವೆ. ಫ್ಲಾವನಾಲ್ ಹೆಚ್ಚಿರುವ ಕೋಕೋ ಕುಡಿದ ಒಂದೆರಡು ಗಂಟೆಗಳಲ್ಲಿ ತೋಳಿನ ರಕ್ತನಾಳ ಹಿಂದಿಗಿಂತ ಚೆನ್ನಾಗಿ ಹಿಗ್ಗುವುದನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ಅಳೆದು ನೋಡಲಾಗಿದೆ. ಶುದ್ಧ ಎಪಿಕ್ಯಾಟೆಚಿನ್ ಒಂದನ್ನೇ ಕೊಟ್ಟಾಗಲೂ ಅದೇ ಬಗೆಯ ಪರಿಣಾಮ ಕಂಡಿತೆಂದು 2006ರಲ್ಲಿ ವರದಿಯಾಯಿತು. ಇದು ಕೋಕೋ ಪರವಾದ ಅತ್ಯಂತ ಗಟ್ಟಿಯಾದ ಸಾಕ್ಷ್ಯವೆಂದು ನಾನು ತಿಳಿಯುತ್ತೇನೆ. 'ಆಂಟಿಆಕ್ಸಿಡೆಂಟ್ ತುಂಬಿದೆ' ಎಂಬ ಜಾಹೀರಾತಿನ ಮಾತಿಗೆ ಅಂಥ ಬಲವಿಲ್ಲ. ಗಾಜಿನ ಕೊಳವೆಯಲ್ಲಿ ಅಳೆದ ಆ ಗುಣ ದೇಹದೊಳಗಿನ ಲಾಭವನ್ನು ತೋರಿಸುವುದಿಲ್ಲವೆಂದು ಅಮೆರಿಕದ ಕೃಷಿ ಇಲಾಖೆ ಅಂಥ ಅಂಕಿಗಳ ತನ್ನ ಪಟ್ಟಿಯನ್ನೇ 2012ರಲ್ಲಿ ಹಿಂದಕ್ಕೆ ಪಡೆಯಿತು.

ರಕ್ತನಾಳ ಹಿಗ್ಗುವುದು ಒಂದು, ಹೃದಯಾಘಾತ ತಪ್ಪುವುದು ಇನ್ನೊಂದು. ಎರಡನೆಯದನ್ನು ತಿಳಿಯಲು ಬಹುಕಾಲ ನಾವು ನೆಚ್ಚಿಕೊಂಡಿದ್ದು ಜನರ ಆಹಾರವನ್ನು ಕೇಳಿ ಬರೆದುಕೊಂಡು, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸುವ ಅಧ್ಯಯನಗಳನ್ನು. ನೆದರ್ಲೆಂಡ್ಸ್‌ನ ಜುಟ್ಫೆನ್ ಪಟ್ಟಣದ 470 ವೃದ್ಧರನ್ನು 15 ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಕೋ ಹೆಚ್ಚು ಸೇವಿಸುತ್ತಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಅತಿ ಕಡಿಮೆ ಸೇವಿಸುತ್ತಿದ್ದವರದರ ಅರ್ಧದಷ್ಟಿತ್ತು. ಕೇಳಲು ಬೆರಗಾಗುತ್ತದೆ. ಆದರೆ ಇಂಥ ಅಧ್ಯಯನಗಳಲ್ಲಿ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವ ನಂಟನ್ನು ಕಾರಣವೆಂದು ತಿಳಿಯುವ ಅಪಾಯ ಯಾವಾಗಲೂ ಇರುತ್ತದೆ. ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಸಲಹೆಯಂತೆ ಚಾಕೊಲೇಟ್ ಬಿಟ್ಟಿರುತ್ತಾರೆ, ಆಗ ತಿನ್ನುವವರ ಗುಂಪಿನಲ್ಲಿ ಆರೋಗ್ಯವಂತರೇ ಹೆಚ್ಚಾಗಿ ಉಳಿದು, ಚಾಕೊಲೇಟೇ ಅವರನ್ನು ಕಾಪಾಡಿತೆಂಬಂತೆ ಕಾಣುತ್ತದೆ. ಫ್ರಾಂಜ್ ಮೆಸರ್ಲಿ ಎಂಬ ಹೃದ್ರೋಗ ತಜ್ಞರು 2012ರಲ್ಲಿ, ಒಂದು ದೇಶ ತಿನ್ನುವ ಚಾಕೊಲೇಟಿಗೂ ಅಲ್ಲಿ ಹುಟ್ಟಿದ ನೊಬೆಲ್ ವಿಜೇತರ ಸಂಖ್ಯೆಗೂ ಬಲವಾದ ನಂಟಿದೆಯೆಂದು 23 ದೇಶಗಳ ಅಂಕಿಗಳಿಂದ ತೋರಿಸಿದರು. ಅದರಲ್ಲಿ ವಿನೋದವಿತ್ತು. ದುರದೃಷ್ಟವಶಾತ್ ಕೆಲವು ಪತ್ರಿಕೆಗಳು ಅದನ್ನೂ ನಿಜವೆಂದೇ ಅಚ್ಚುಹಾಕಿದವು.

ಸಂದೇಹ ತೀರಿಸುವ ಮಾರ್ಗ ಒಂದೇ: ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೋಕೋ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಗುಳಿಗೆ ಕೊಟ್ಟು ಕಾಯುವುದು. ಅಂಥ ದೊಡ್ಡ ಪ್ರಯೋಗ ಅಮೆರಿಕದಲ್ಲಿ ನಡೆಯಿತು. ಅದರ ಹೆಸರು ಕಾಸ್ಮಾಸ್. 60 ದಾಟಿದ ಪುರುಷರು ಹಾಗೂ 65 ದಾಟಿದ ಮಹಿಳೆಯರು ಸೇರಿ 21,442 ಮಂದಿ ಅದರಲ್ಲಿದ್ದರು. ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲಾವನಾಲ್ ಕೊಟ್ಟು, ಸುಮಾರು 3.6 ವರ್ಷ ಗಮನಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಶಸ್ತ್ರಚಿಕಿತ್ಸೆ ಮುಂತಾದವನ್ನೆಲ್ಲ ಕೂಡಿಸಿ ಎಣಿಸಿದಾಗ ಕೋಕೋ ಗುಂಪಿನಲ್ಲಿ 410 ಜನರಿಗೆ, ಹುಸಿ ಗುಳಿಗೆಯ ಗುಂಪಿನಲ್ಲಿ 456 ಜನರಿಗೆ ಇಂಥ ತೊಂದರೆ ಆಗಿತ್ತು. ಅಂದರೆ ಶೇ. 10ರಷ್ಟು ಇಳಿಕೆ. ಆದರೆ ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದಾದ್ದರಿಂದ, ಮುಖ್ಯ ಪ್ರಶ್ನೆಗೆ ಉತ್ತರ 'ಸಾಬೀತಾಗಲಿಲ್ಲ' ಎಂದೇ ದಾಖಲಾಯಿತು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವನ್ನಷ್ಟೇ ನೋಡಿದಾಗ ಶೇ. 27ರ ಇಳಿಕೆ ಕಂಡಿತು. ಆಸೆ ಹುಟ್ಟಿಸುವ ಅಂಕಿ ನಿಜ, ಆದರೆ ಅದು ಪ್ರಯೋಗದ ಮುಖ್ಯ ಗುರಿಯಾಗಿರಲಿಲ್ಲ, ಇನ್ನೊಂದು ಪ್ರಯೋಗದಲ್ಲಿ ಮರುಕಳಿಸುವವರೆಗೆ ಅದನ್ನು ಸುಳಿವೆಂದು ಇಟ್ಟುಕೊಳ್ಳಬೇಕೇ ಹೊರತು ಔಷಧ ಚೀಟಿಯಲ್ಲಿ ಬರೆಯುವಂತಿಲ್ಲ. ಪ್ರಯೋಗದ ವೆಚ್ಚದ ಒಂದು ಭಾಗವನ್ನು ಚಾಕೊಲೇಟ್ ತಯಾರಕ ಮಾರ್ಸ್ ಕಂಪನಿಯ ಘಟಕವೊಂದು ಭರಿಸಿತ್ತೆಂಬುದನ್ನು ಸಂಶೋಧಕರೇ ತಿಳಿಸಿದ್ದಾರೆ. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಓದುವವರು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಆ 21,442 ಜನರಲ್ಲಿ ಯಾರಿಗೂ ಪ್ರಯೋಗದವರು ಚಾಕೊಲೇಟ್ ಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಕೊಟ್ಟದ್ದು ಕೋಕೋ ಸಾರ ತುಂಬಿದ ಗುಳಿಗೆ. ಅದರಲ್ಲಿ ಸಕ್ಕರೆಯಾಗಲಿ ಚಾಕೊಲೇಟಿನಷ್ಟು ಕೊಬ್ಬಾಗಲಿ ಇರಲಿಲ್ಲ. ಪರೀಕ್ಷೆಗೆ ಕೂತದ್ದು ಫ್ಲಾವನಾಲ್, ಕೀರ್ತಿ ಪಡೆದದ್ದು ಚಾಕೊಲೇಟ್. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ, ಎಲ್ಲರೂ ಕೇಳಬಯಸುವ ಸುದ್ದಿ ಇದಾದ್ದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬಂದು ಸೇರುತ್ತದೆ. ಹೊದಿಕೆಯ ಮೇಲೆ ಅಚ್ಚಾಗಿರುವ ಶೇ. 70, 85, 90 ಎಂಬ ಸಂಖ್ಯೆ ಫ್ಲಾವನಾಲ್‌ನ ಲೆಕ್ಕವಲ್ಲ. ಒಟ್ಟು ತೂಕದಲ್ಲಿ ಕೋಕೋ ಬೀಜದಿಂದ ಬಂದ ಭಾಗವೆಷ್ಟು ಎಂಬುದನ್ನು ಅದು ಹೇಳುತ್ತದೆ, ಮತ್ತು ಆ ಭಾಗದಲ್ಲಿ ಫ್ಲಾವನಾಲ್ ಇಲ್ಲದ ಕೋಕೋ ಬೆಣ್ಣೆಯೂ ಸೇರಿರುತ್ತದೆ. ಉಳಿದ ಕೋಕೋದಲ್ಲಿ ಎಷ್ಟು ಫ್ಲಾವನಾಲ್ ಉಳಿದಿದೆ ಎಂಬುದು ಬೀಜದ ತಳಿ, ಅದನ್ನು ಎಷ್ಟು ದಿನ ಹುದುಗಿಸಿದರು, ಎಷ್ಟು ಬಿಸಿಯಲ್ಲಿ ಹುರಿದರು ಎಂಬುದರ ಮೇಲೆ ನಿಂತಿದೆ. ಚಾಕೊಲೇಟಿಗೆ ಪರಿಮಳ ಕೊಡುವ ಈ ಕ್ರಿಯೆಗಳೇ ಫ್ಲಾವನಾಲನ್ನು ಕರಗಿಸುತ್ತವೆ. ಎಲ್ಲಕ್ಕಿಂತ ಹೆಚ್ಚಿನ ನಷ್ಟ ಆಗುವುದು ಕೋಕೋವನ್ನು ಕ್ಷಾರದಿಂದ ಸಂಸ್ಕರಿಸಿದಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರ ವಾನ್ ಹೌಟನ್ ಮನೆತನದಿಂದ ಬಳಕೆಗೆ ಬಂದ ಈ ವಿಧಾನ ಕಹಿಯನ್ನು ತಗ್ಗಿಸಿ, ಪುಡಿಗೆ ಗಾಢವಾದ ಬಣ್ಣ ಕೊಟ್ಟು, ಅದು ನೀರಿನಲ್ಲಿ ಸುಲಭವಾಗಿ ಬೆರೆಯುವಂತೆ ಮಾಡುತ್ತದೆ. ಮಾರುಕಟ್ಟೆಯ ಪುಡಿಗಳನ್ನು ಅಳೆದು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕ್ಷಾರ ಹಾಕದ ಪುಡಿಯಲ್ಲಿ ಗ್ರಾಂಗೆ ಸರಾಸರಿ 34.6 ಮಿಲಿಗ್ರಾಂ ಫ್ಲಾವನಾಲ್ ಇದ್ದರೆ, ಹೆಚ್ಚು ಕ್ಷಾರ ಹಾಕಿದ ಪುಡಿಯಲ್ಲಿ ಉಳಿದದ್ದು 3.9 ಮಾತ್ರ. ಆದ್ದರಿಂದ ಹೆಚ್ಚು ಕಪ್ಪಗಿದ್ದರೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಕೆಲವೊಮ್ಮೆ ನಿಜ ಅದಕ್ಕೆ ತಲೆಕೆಳಗಾಗಿಯೇ ಇರುತ್ತದೆ. ಶೇ. 85ರದ್ದರಲ್ಲಿ ಸಕ್ಕರೆ ಕಡಿಮೆ ಎಂಬ ಲಾಭ ಖಂಡಿತ ಇದೆ, ಆ ಕಾರಣಕ್ಕೆ ಅದನ್ನು ಆರಿಸಿಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ.

ನೀವು ಈಗ ತಿನ್ನುತ್ತಿರುವ 40 ಗ್ರಾಂನ ಲೆಕ್ಕ ಹಾಕೋಣ. ಅದರಿಂದ ದಿನಕ್ಕೆ ಸುಮಾರು 240 ಕ್ಯಾಲರಿ, ಹತ್ತು ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು ಮತ್ತು ಹೆಚ್ಚುಕಡಿಮೆ ಅಷ್ಟೇ ಸಕ್ಕರೆ ದೇಹ ಸೇರುತ್ತವೆ. 2,000 ಕ್ಯಾಲರಿಯ ಆಹಾರದಲ್ಲಿ ಇಡೀ ದಿನಕ್ಕೆ ಮಿತಿಯೆಂದು ಹೇಳುವ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಅದರಲ್ಲಿ ಹತ್ತಿರಹತ್ತಿರ ಅರ್ಧ ಇಲ್ಲೇ ಮುಗಿಯಿತು. ಕೋಕೋ ಬೆಣ್ಣೆಯ ಪರವಾಗಿ ಒಂದು ಮಾತು ಹೇಳಬೇಕು: ಅದರ ಸುಮಾರು ಮೂರನೆಯ ಒಂದು ಭಾಗ ಸ್ಟಿಯರಿಕ್ ಆಮ್ಲ, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಿಲ್ಲ. ಆದರೆ ಕಾಲು ಭಾಗದಷ್ಟಿರುವ ಪಾಮಿಟಿಕ್ ಆಮ್ಲ ಏರಿಸುತ್ತದೆ, ಮತ್ತು ನೀವು ಸ್ಟ್ಯಾಟಿನ್ ನುಂಗುತ್ತಿರುವುದು ಅದನ್ನು ಇಳಿಸಲಿಕ್ಕೇ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ತೂಕ. ಬೇರೆ ಆಹಾರವನ್ನು ಕಡಿಮೆ ಮಾಡದೆ ದಿನವೂ 240 ಕ್ಯಾಲರಿ ಸೇರಿಸಿದರೆ ತೂಕ ಏರುತ್ತದೆ. ಒಂದು ಕಿಲೋ ತೂಕದ ಏರಿಳಿತಕ್ಕೆ ರಕ್ತದೊತ್ತಡ ಸ್ಥೂಲವಾಗಿ 1 ಮಿಲಿಮೀಟರಿನಷ್ಟು ಏರಿಳಿಯುತ್ತದೆ. ಎರಡು ಕಿಲೋ ಹೆಚ್ಚಾದರೆ ಕೋಕೋದಿಂದ ಸಿಗಬಹುದಾದ ಸರಾಸರಿ ಲಾಭ ಅಲ್ಲಿಗೇ ವಜಾ ಆಯಿತು. ಈ ಎರಡು ತಿಂಗಳಲ್ಲಿ ನಿಮ್ಮ ತೂಕ ಎಷ್ಟಾಗಿದೆಯೆಂದು ನೀವು ಬರೆದಿಲ್ಲ, ನಾಳೆ ಬೆಳಿಗ್ಗೆ ನೋಡಿಕೊಳ್ಳಿ.

ಡಾರ್ಕ್ ಚಾಕೊಲೇಟನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಇಷ್ಟವಿದ್ದರೆ ದಿನಕ್ಕೆ 10 ಗ್ರಾಂ, ಅಂದರೆ ಒಂದು ಅಥವಾ ಎರಡು ಚೌಕ, ಬೇರೊಂದು ಸಿಹಿಯ ಬದಲಿಗೆ ತಿನ್ನಿ. ದಿನಕ್ಕೆ ಬರೀ 6.3 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದ 44 ಜನರ ಒಂದು ಜರ್ಮನ್ ಪ್ರಯೋಗದಲ್ಲೂ 18 ವಾರಗಳ ಬಳಿಕ ಮೇಲಿನ ಅಂಕಿ ಸುಮಾರು 3 ಇಳಿದಿತ್ತು. ಪ್ರಯೋಗ ಸಣ್ಣದು, ಹೋಲಿಕೆಗೆ ಕೊಟ್ಟ ಬಿಳಿ ಚಾಕೊಲೇಟನ್ನು ಕಣ್ಣಿಂದಲೇ ಗುರುತಿಸಬಹುದಿತ್ತು, ಆದರೂ ಹೆಚ್ಚು ತಿಂದರೆ ಹೆಚ್ಚು ಲಾಭವೆಂದು ಭಾವಿಸಲು ಕಾರಣವಿಲ್ಲವೆಂಬುದನ್ನು ಅದು ತೋರಿಸುತ್ತದೆ. ಬಿಳಿ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಹೊರತು ಕೋಕೋ ಇಲ್ಲವೇ ಇಲ್ಲ. ಹಾಲು ಚಾಕೊಲೇಟಿನಲ್ಲಿ ಕೋಕೋ ಕಡಿಮೆ, ಸಕ್ಕರೆಯೇ ಮುಂದು.

ಪುಡಿಯ ವಿಷಯದಲ್ಲಿ ನಿಮ್ಮ ಊಹೆ ಸರಿಯಾದ ದಿಕ್ಕಿನಲ್ಲಿದೆ. ಕೊಬ್ಬನ್ನು ಬಹುಪಾಲು ಹಿಂಡಿ ತೆಗೆದಿರುವುದರಿಂದ, ಕ್ಷಾರ ಹಾಕದ, ಸಕ್ಕರೆ ಬೆರೆಸದ ಕೋಕೋ ಪುಡಿ ಚಾಕೊಲೇಟಿಗಿಂತ ಮೇಲು. ಪದಾರ್ಥಗಳ ಪಟ್ಟಿಯಲ್ಲಿ ಕ್ಷಾರದಿಂದ ಸಂಸ್ಕರಿಸಿದ್ದು ಎಂಬ ಮಾತಿದೆಯೇ ನೋಡಿ. ಸಕ್ಕರೆಯೇ ಮೊದಲ ಸ್ಥಾನದಲ್ಲಿರುವ ಪಾನೀಯದ ಪುಡಿಗಳು ಈ ಮಾತಿಗೆ ಒಳಪಡುವುದಿಲ್ಲ. ಹಾಲು ಫ್ಲಾವನಾಲನ್ನು ಕಟ್ಟಿಹಾಕುತ್ತದೆಂದು 2003ರಲ್ಲಿ ಒಂದು ವರದಿ ಬಂದಿತ್ತು, ಮುಂದಿನ ಅಧ್ಯಯನಗಳು ಅದನ್ನು ಒಕ್ಕೊರಲಿನಿಂದ ಸಮರ್ಥಿಸಲಿಲ್ಲ, ಹಾಗಾಗಿ ಆ ಚಿಂತೆ ಬೇಡ. ಬಾಳೆಹಣ್ಣು ಸೇರಿಸಿ ಮಿಕ್ಸಿಯಲ್ಲಿ ಅರೆಯುವ ಅಭ್ಯಾಸವಿದ್ದರೆ ಮಾತ್ರ ಬಿಡಿ: ಆ ಹಣ್ಣು ಕಪ್ಪಾಗಲು ಕಾರಣವಾಗುವ ಕಿಣ್ವವೇ ಫ್ಲಾವನಾಲನ್ನೂ ಒಡೆಯುತ್ತದೆಂದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ, ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲಾವನಾಲ್ ರಕ್ತನಾಳಗಳ ಹಿಗ್ಗುವ ಗುಣವನ್ನು ಕಾಯ್ದುಕೊಳ್ಳಲು ನೆರವಾಗುತ್ತದೆಂಬ ಹೇಳಿಕೆಯನ್ನು ಒಪ್ಪಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಫ್ಲಾವನಾಲ್ ಶೇ. 4ಕ್ಕೆ ಕಡಿಮೆಯಿಲ್ಲದ ಪುಡಿಗೆ ಮಾತ್ರ, ಅದೂ 'ಸಾಕ್ಷ್ಯ ಬಹಳ ಸೀಮಿತ' ಎಂಬ ಒಕ್ಕಣೆಯೊಂದಿಗೆ, ಹೃದ್ರೋಗದ ಅಪಾಯ ತಗ್ಗಬಹುದೆಂಬ ಹೇಳಿಕೆಗೆ ಅನುಮತಿ ಕೊಟ್ಟಿತು, ಚಾಕೊಲೇಟಿಗೆ ಅದು ಅನ್ವಯಿಸುವುದಿಲ್ಲ. ಫ್ಲಾವನಾಲ್ ಕೋಕೋದ ಸ್ವತ್ತೂ ಅಲ್ಲ. ಚಹಾ, ಸೇಬು, ದ್ರಾಕ್ಷಿಗಳಲ್ಲೂ ಅದು ಇದೆ.

ಕೆಲವರು ಪುಡಿಯಲ್ಲೂ ಎಚ್ಚರ ವಹಿಸಬೇಕು. ಕೋಕೋ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ, ಬೀಜ ಒಣಗಿಸುವಾಗ ಧೂಳಿನಿಂದ ಸೀಸ ಸೇರುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2022ರಲ್ಲಿ ಪರೀಕ್ಷಿಸಿದ 28 ಡಾರ್ಕ್ ಚಾಕೊಲೇಟುಗಳ ಪೈಕಿ 23ರಲ್ಲಿ, ದಿನಕ್ಕೆ ಒಂದು ಔನ್ಸ್ (ಸುಮಾರು 28 ಗ್ರಾಂ) ತಿಂದರೂ ಈ ಎರಡರಲ್ಲಿ ಒಂದಾದರೂ ಕ್ಯಾಲಿಫೋರ್ನಿಯಾದ ಬಿಗಿಯಾದ ಮಿತಿಯನ್ನು ಮೀರುವಷ್ಟಿತ್ತು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ದಿನವೂ ತಿನ್ನದಿರುವುದು ಲೇಸು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕೋಕೋದಲ್ಲಿರುವ ಪೊಟ್ಯಾಸಿಯಂ, ಕಲ್ಲು ಕಟ್ಟುವ ಸ್ವಭಾವದವರಿಗೆ ಅದರ ಆಕ್ಸಲೇಟ್ ತೊಂದರೆ ಕೊಡಬಹುದು.

ಇನ್ನು ಎದೆಯುರಿ. ಚಾಕೊಲೇಟಿನ ಕೊಬ್ಬು, ಕೆಫೀನ್ ಮತ್ತು ಕೆಫೀನಿನ ಬಗೆಯದೇ ಆದ ಥಿಯೋಬ್ರೊಮಿನ್ ಅನ್ನನಾಳದ ತಳವನ್ನು ಬಿಗಿಯಾಗಿ ಮುಚ್ಚುವ ಸ್ನಾಯುವನ್ನು ಸಡಿಲಿಸುತ್ತವೆ. ನೀವು ತೆಗೆದುಕೊಳ್ಳುವ ಅಮ್ಲೋಡಿಪಿನ್ ಕೂಡ ಅದನ್ನೇ ಮಾಡಬಲ್ಲದು. ಎರಡೂ ಸೇರಿದ ಮೇಲೆ, ತುಂಬಿದ ಹೊಟ್ಟೆಯಲ್ಲಿ ಮಲಗಿದಾಗ ಜಠರದ ಆಮ್ಲ ಮೇಲಕ್ಕೆ ಬಂದು ಉರಿಯುವುದು ಸಹಜವೇ. ಆದ್ದರಿಂದ ರಾತ್ರಿಯ ಚಾಕೊಲೇಟನ್ನು ಇವತ್ತಿನಿಂದಲೇ ನಿಲ್ಲಿಸಿ, ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡಿ, ಇಷ್ಟವಿದ್ದರೆ ಆ ಒಂದು ಚೌಕವನ್ನು ಹಗಲು ತಿನ್ನಿ.

ಆದರೆ ಉರಿ ಇದರಿಂದಲೇ ಎಂದು ನಾನಾಗಲಿ ನೀವಾಗಲಿ ಪತ್ರದ ಮೇಲೆ ತೀರ್ಮಾನಿಸುವಂತಿಲ್ಲ. 58 ವರ್ಷ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ಇರುವವರಲ್ಲಿ ಹೃದಯಕ್ಕೆ ರಕ್ತ ಸಾಲದಾದಾಗಲೂ ಕಾಣಿಸುವುದು ನೋವಲ್ಲ, ಹಲವು ಬಾರಿ ಇಂಥದೇ ಉರಿ ಅಥವಾ ಒತ್ತು, ಮತ್ತು ಅದನ್ನು ಗ್ಯಾಸೆಂದು ಕರೆದು ಕಾದು ಕುಳಿತವರನ್ನು ನಾವು ತಡವಾಗಿ ನೋಡುತ್ತೇವೆ. ಚಾಕೊಲೇಟ್ ಬಿಟ್ಟು ನೋಡೋಣವೆಂದು ಕಾಯದೆ, ಈ ವಾರದೊಳಗೇ ನಿಮ್ಮ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ, ಮೆಟ್ಟಿಲು ಹತ್ತುವಾಗ ಅಥವಾ ಬಿರುಸಾಗಿ ನಡೆಯುವಾಗ ಆ ಉರಿ ಬಂದು, ನೀವು ನಡೆಯುವುದನ್ನು ನಿಲ್ಲಿಸಿದರೆ ಕಡಿಮೆಯಾಗುತ್ತದೆಯೇ ಎಂಬುದನ್ನು ತಪ್ಪದೆ ಹೇಳಿ. ಉರಿಯೊಂದಿಗೆ ಬೆವರು, ಉಸಿರುಕಟ್ಟುವಿಕೆ, ದವಡೆ ಅಥವಾ ತೋಳಿನಲ್ಲಿ ಸೆಳೆತ ಕಂಡರೆ, ಇಲ್ಲವೇ ಹತ್ತು ನಿಮಿಷವಾದರೂ ಅದು ಇಳಿಯದಿದ್ದರೆ, ಗಂಟೆ ಎಷ್ಟೇ ಆಗಿರಲಿ, ನೀವೇ ವಾಹನ ಓಡಿಸದೆ ಆಂಬುಲೆನ್ಸ್ ಕರೆಸಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.